ಎರಡು ಡಿಸ್ಕಿಗೂ ಕುಂಕುಮ

ಮಹಾಂತಮ್ಮನವರ ಬಲಗೈ ಕೀಬೋರ್ಡಿನ ಮೇಲೆ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದೆ. ಪಕ್ಕದ ಮೇಜಿನ ಮೇಲೆ ಎರಡು ಹಾರ್ಡ್ ಡಿಸ್ಕುಗಳು, ಒಂದು ಹಳೆಯದು, ಒಂದು ಹೊಸದು, ಬಿಚ್ಚಿಟ್ಟ ಕಂಪ್ಯೂಟರಿನ ಕೇಬಲ್ಲಿಗೆ ಸಿಕ್ಕಿಕೊಂಡಿವೆ. ಬೆಳಗಿನ ಐದೂವರೆ. ಲೋಹದ ಅಚ್ಚು, ಅಂದರೆ ಡೈ ಮಾಡುವ ಪೀಣ್ಯದ ಈ ಸಣ್ಣ ಕಾರ್ಖಾನೆಯಲ್ಲಿ ಎಂಟೂವರೆಗೆ ಪ್ರೆಸ್‌ಗಳು ಶುರುವಾದರೆ ಕರೆಂಟು ಏರಿಳಿಯುತ್ತದೆ. ಅಷ್ಟರೊಳಗೆ, ಕೆಡುತ್ತಿರುವ ಹಳೆಯ ಡಿಸ್ಕಿನಲ್ಲಿರುವ ಹದಿನಾಲ್ಕು ವರ್ಷದ ಡ್ರಾಯಿಂಗುಗಳು ಹೊಸದಕ್ಕೆ ಬಂದಿರಬೇಕು. ಅವಕ್ಕೆ ಬೇರೆಲ್ಲೂ ಪ್ರತಿಯಿಲ್ಲ.

"ಇನ್ನೊಂದು ಕಾಪಿ ಇಡೋಣ್ರಿ ಅಂತ ಮೂರು ಸಲ ಹೇಳೀನಿ. ಓಡ್ತಿದೆಯಲ್ಲಮ್ಮ, ಬಿಡು ಅಂತಾರ ಸಾಹುಕಾರ್ರು," ಎನ್ನುತ್ತಾರೆ ಅವರು, ತಮ್ಮಷ್ಟಕ್ಕೆ.

ಇಳಕಲ್ಲಿನ ಕಡೆಯಿಂದ ಬಂದು ಇಲ್ಲಿ ಪ್ಯಾಕಿಂಗಿಗೆ ಸೇರಿ ಹತ್ತೊಂಬತ್ತು ವರ್ಷ. ಟಿ. ದಾಸರಹಳ್ಳಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ, ನಾಲ್ಕಕ್ಕೆದ್ದು ರೊಟ್ಟಿ ಬಡಿಯುವುದು. ಡ್ರಾಯಿಂಗ್ ವಿಭಾಗದಲ್ಲಿದ್ದ ನಿವೇದಿತಾ ಎಂಬುವರು ಕಂಪ್ಯೂಟರುಗಳಿಗೆಲ್ಲ ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿ, ಊಟದ ಬಿಡುವಿನಲ್ಲಿ ಇವರಿಗೆ ಕಲಿಸಿ, ಬೇರೆ ಕೆಲಸಕ್ಕೆ ಹೋದರು. ಈಗ ಹನ್ನೊಂದು ಕಂಪ್ಯೂಟರುಗಳ ಜವಾಬ್ದಾರಿ ಎಸ್ಸೆಸ್ಸೆಲ್ಸಿ ಓದಿದ ಈ ಹೆಂಗಸಿನದು. ಹಾಜರಿ ಪುಸ್ತಕದಲ್ಲಿ ಇನ್ನೂ 'ಹೆಲ್ಪರ್'.

ನಕಲು ಮಾಡುವ ಆಜ್ಞೆಯಲ್ಲಿ ಮೊದಲು ಹಳೆಯ ಡಿಸ್ಕಿನ ಹೆಸರು, ಆಮೇಲೆ ಹೊಸದರದು. ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ್ದನ್ನು ಅಳಿಸಿಹಾಕುತ್ತದೆ. ಎರಡೂ ಒಂದೇ ಕಂಪನಿಯವು, ಒಂದೇ ಅಳತೆಯವು. ಅದಕ್ಕೇ ಮಹಾಂತಮ್ಮ ಬಿಚ್ಚಿದ ಹಳೆಯ ಡಿಸ್ಕಿಗೆ ಕುಂಕುಮದ ಬೊಟ್ಟಿಡುತ್ತಾರೆ. ಬೊಟ್ಟಿರುವುದರ ಮೇಲಿನ ನಂಬರು ಓದಿ, ಪರದೆಯಲ್ಲಿ ಆ ನಂಬರಿನ ಹೆಸರನ್ನು ಮೊದಲು ಬರೆಯುವುದು ರೂಢಿ.

ಇವತ್ತೂ ಹಾಗೇ ಬರೆದಾಯಿತು. ಎಂಟರ್ ಒತ್ತುವ ಮುಂಚೆ ಬೊಟ್ಟಿನ ಡಿಸ್ಕಿನ ಮೇಲೆ ಸುಮ್ಮನೆ ಅಂಗೈ ಇಡುತ್ತಾರೆ, ಕಾಯಿಲೆಯ ಮಗುವಿನ ಹಣೆ ಮುಟ್ಟಿದ ಹಾಗೆ. ನಿನ್ನೆಯೆಲ್ಲ ಟಕ್ ಟಕ್ ಎಂದು ಒದ್ದಾಡಿದ್ದು ಈಗ ನಿಶ್ಚಿಂತೆಯಿಂದ ತಿರುಗುತ್ತಿದೆ. ಪಕ್ಕದ್ದನ್ನು ಮುಟ್ಟಿದರೆ ಅದು ಅಂಗೈಗೇ ಬಡಿಯುತ್ತಿದೆ. ಅದಕ್ಕೂ ಬೊಟ್ಟಿದೆ.

ಬೆರಳು ಹಿಂದಕ್ಕೆ ಬರುತ್ತದೆ.

"ಪಾಪಯ್ಯಣ್ಣಾ! ಹೊಸಾದಕ್ಕ ಕುಂಕುಮ ಹಚ್ಚಿದೋರು ಯಾರು?"

ಕಾವಲುಗಾರ ಪಾಪಯ್ಯ ಬಾಗಿಲಲ್ಲಿ ನಿಂತು ನಗುತ್ತಾರೆ. "ನಾನೇ ಕಣವ್ವ, ರಾತ್ರೀಲಿ. ನೀನು ಅಳೇದಕ್ಕೆ ಇಕ್ಕಿದ್ದೆ. ಒಸಾದು ಬರೀ ಅಣೇಲಿ ಕುಂತಿತ್ತು, ಪಾಪ ಅನ್ನಿಸ್ತು."

"ಇನ್ನೊಂದು ಗಳಿಗಿ ತಡ ಆಗಿದ್ರ ನಿನ್ನ ಪೂಜಿ ಕಾರ್ಖಾನಿನ ಮಣ್ಣು ಮಾಡ್ತಿತ್ತು!"

ಮಹಾಂತಮ್ಮ ಕುರ್ಚಿ ಮುಂದಕ್ಕೆಳೆದುಕೊಳ್ಳುತ್ತಾರೆ. ಪರದೆಯ ಪಟ್ಟಿಯನ್ನು ಮತ್ತೆ ಓದುತ್ತಾರೆ. ಹಳೆಯದರ ಹೆಸರಿನ ಕೆಳಗೆ ಅದರ ಭಾಗಗಳು ಕಾಣುತ್ತವೆ, ಹೊಸದರ ಕೆಳಗೆ ಏನೂ ಇಲ್ಲ. ಆಜ್ಞೆಯಲ್ಲಿ ಮೊದಲು ಬರೆದಿದ್ದು ಹೊಸದರ ಹೆಸರೇ. ಹೆಸರುಗಳನ್ನು ತಿರುವಿ ಬರೆದು, ಎರಡು ಸಲ ನೋಡಿ, ಒತ್ತುತ್ತಾರೆ.

"ಈ ನಕಲು ಮಾಡೋ ಪ್ರೋಗ್ರಾಮು ಮೊದ್ಲು ಚಲೋ ಇದ್ದ ಜಾಗಾ ಎಲ್ಲಾ ಓದ್ಕೊಂಡು ಬರ್ತದ, ಪಾಪಯ್ಯಣ್ಣ. ಕೆಟ್ಟ ಜಾಗಕ್ಕ ಕಡೀಕ ಹೋಗ್ತದ. ಮೊದಲ ಅಲ್ಲೇ ಹಠಾ ಹಿಡಿದು ಕುಂತ್ರ, ಇದ್ದದ್ದೂ ಹೋಗ್ತದ."

ಎಂಟು ಗಂಟೆಗೆ ಕೆಲಸ ಮುಗಿಯುತ್ತದೆ. ಐದು ಕಡೆ ಓದಲಾಗಲಿಲ್ಲ, ಆದರೆ ಅಲ್ಲಿ ಡ್ರಾಯಿಂಗುಗಳಿರಲಿಲ್ಲ. ಹೊಸ ಡಿಸ್ಕನ್ನು ಒಳಗೆ ಕೂರಿಸಿ ಕಂಪ್ಯೂಟರ್ ಚಾಲೂ ಮಾಡಿದರೆ ಎಲ್ಲಕ್ಕಿಂತ ಹಳೆಯ ಡ್ರಾಯಿಂಗೂ ಗೆರೆ ತಪ್ಪದೆ ತೆರೆದುಕೊಳ್ಳುತ್ತದೆ.

ಮಾಲೀಕ ಮುನಿಕೃಷ್ಣ ಒಳಬರುತ್ತಾರೆ. "ಆಯ್ತೇನಮ್ಮ? ನಂಗೊತ್ತಿತ್ತು ಬಿಡು. ನೀನು ಕೈಯಿಟ್ರೆ ತಪ್ಪೇ ಆಗಲ್ಲ."

ಆ ಮಾತು ಮಹಾಂತಮ್ಮನವರಿಗೆ ಚುಚ್ಚುತ್ತದೆ. "ಇನ್ನೊಂದು ಕಾಪಿ ಇದ್ರ ಚಲೋರಿ, ಸರ್..."

"ಹೊಸಾದೇ ಹಾಕಿದೀಯಲ್ಲಮ್ಮ. ಇನ್ನೇನು ಭಯ?"

ಮಹಾಂತಮ್ಮ ತಲೆಯಾಡಿಸುತ್ತಾರೆ. ಪ್ಯಾಕಿಂಗಿನಿಂದ ತೆಗೆದ ಹಳೆಯ ಕಂಪ್ಯೂಟರೊಂದು ಅಟ್ಟದ ಮೇಲೆ ಬಿದ್ದಿದೆ, ಅದರ ಡಿಸ್ಕು ಗಟ್ಟಿ. ಅದನ್ನು ಮೂಲೆಯಲ್ಲಿರುವ ಇನ್ನೊಂದು ಕಂಪ್ಯೂಟರಿಗೆ ಹಾಕಿ, ದಿನಾ ಸಂಜೆ ಆರಕ್ಕೆ ಡ್ರಾಯಿಂಗುಗಳು ತಾವಾಗಿಯೇ ಅಲ್ಲಿಗೆ ನಕಲಾಗುವ ಹಾಗೆ ಮಾಡಿದರಾಯಿತು. ಕೇಳಿದರೆ ಸಾಹುಕಾರರು ಬೇಡ ಎನ್ನುತ್ತಾರೆ. ಇವರು ಕೇಳಲು ಹೋಗುವುದಿಲ್ಲ.

ಏಣಿ ತಂದು ಅಟ್ಟಕ್ಕೆ ಒರಗಿಸಿ ಹತ್ತುತ್ತಾರೆ.

"ಅಲ್ಲೇನಮ್ಮ ಕೆಲಸ?" ಕೆಳಗಿನಿಂದ ಮುನಿಕೃಷ್ಣ ಕೇಳುತ್ತಾರೆ.

"ಧೂಳು ಹೊಡೀತೀನ್ರಿ, ಸರ್."