ಬೀಗರನ್ನೊಂದು ಮಾತು ಕೇಳಿ

ನನ್ನ ಮೊದಲ ಮಗಳು ಹುಟ್ಟಿದ ಐದನೆಯ ದಿನ ಅವಳ ಕಣ್ಣಿನ ಬಿಳಿ ಭಾಗ ಹಳದಿಯಾಗಿರುವುದನ್ನು ಕಂಡೆ. ಕಂಡವಳು ನಾನೊಬ್ಬಳೇ. ಅದನ್ನು ಮನೆಯವರಿಗೆ ಕಾಣಿಸುವುದಕ್ಕೆ ಎರಡು ದಿನ ಹಿಡಿಯಿತು. ಕಂಡ ಮೇಲೆ ಹೊಸಿಲು ದಾಟುವುದಕ್ಕೆ ಇನ್ನೊಂದು ದಿನ. ಆ ಮೂರು ದಿನಗಳನ್ನು ನೆನೆದರೆ ಈಗಲೂ ಹಲ್ಲು ಕಚ್ಚುವಂತಾಗುತ್ತದೆ. ಕೆಟ್ಟವರು ಯಾರೂ ಇರಲಿಲ್ಲ, ಸಂಕಟವೇ ಅದು. ಇದ್ದವರೆಲ್ಲ ತೀರಾ ಮರ್ಯಾದಸ್ಥರು.

ತೌರುಮನೆ ನ್ಯಾಮತಿ, ಅತ್ತೆಮನೆ ಚನ್ನಗಿರಿ. ನನ್ನವರು ಜಗಳೂರಿನ ಹೈಸ್ಕೂಲಿನಲ್ಲಿ ಮೇಷ್ಟರು. ಮಗು ಹುಟ್ಟಿದಾಗ ಆಸ್ಪತ್ರೆಗೆ ಬಂದು, ತೊಟ್ಟಿಲ ಪಕ್ಕ ನಿಂತು ಎರಡು ಸಲ ಗಂಟಲು ಸರಿಮಾಡಿಕೊಂಡು, ಪರೀಕ್ಷೆಯ ಪೇಪರುಗಳಿವೆ ಎಂದು ಹೊರಟುಹೋಗಿದ್ದರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೆರಿಗೆ ಊರಿನ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಸಲೀಸಾಗಿ ಆಗಿ, ಮೂರನೆಯ ದಿನವೇ ಮನೆಗೆ ಬಂದಿದ್ದೆವು.

ಬಾಣಂತಿ ಕೋಣೆಯಲ್ಲಿ ಹಗಲೂ ಮಬ್ಬು. ಕಿಟಕಿಗೆ ಕಂಬಳಿ, ನನ್ನ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಮಂಚದ ಕೆಳಗೆ ಕೆಂಡ. ಕೂಸಿಗೆ ದಿನಾ ಎಣ್ಣೆ ತಿಕ್ಕಿ ಕಡಲೆಹಿಟ್ಟಿನ ಸ್ನಾನ, ಆ ಹಿಟ್ಟಿಗೆ ಕೈತುಂಬ ಅರಿಶಿನ. ಸುತ್ತುವ ಬಟ್ಟೆ ನನ್ನ ಅಜ್ಜಿಯ ಹಳೆಯ ಸೀರೆಯದು, ಅದನ್ನೂ ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ್ದರು. ಆ ಕೋಣೆಯಲ್ಲಿ ಕೂಸು ಹಳದಿ, ನಾನು ಹಳದಿ, ದಿಂಬಿನ ಚೀಲ ಹಳದಿ, ನನಗೂ ಕೂಸಿಗೂ ನೀರು ಹಾಕಲು ದಿನಾ ಬರುತ್ತಿದ್ದ ಅಜ್ಜಿಯ ಉಗುರೂ ಹಳದಿ. ಕಾಮಾಲೆ ಬಂದು ಕುಳಿತರೂ ಯಾರಿಗೂ ಗುರುತು ಸಿಗದಂಥ ಏರ್ಪಾಡು ಅದು.

"ಅವ್ವ, ಕೂಸಿನ ಕಣ್ಣು ಹಳದಿ ಐತೆ ನೋಡು" ಎಂದೆ.

"ಅರಿಶಿನ ಹಚ್ಚಿದ್ರೆ ಹಳದಿ ಆಗದೆ ಹಸಿರಾಗುತ್ತೇನೆ?"

"ಕಣ್ಣಿನ ಒಳಗೆ ಯಾರಾದ್ರೂ ಅರಿಶಿನ ಹಚ್ತಾರೇನವ್ವ?"

"ಎರೆಯುವಾಗ ಹೋಗಿರುತ್ತೆ ಬಿಡು. ಬಾಣಂತಿ ಹಿಂಗೆ ಕಣ್ಣು ಕಿಸಿದು ನೋಡಬಾರದು, ಕಣ್ಣಿನ ನೋವು ಬರುತ್ತೆ."

ನಾನು ಶಿವಮೊಗ್ಗದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಒಬ್ಬರು ಸಿಸ್ಟರ್ ವಾರಕ್ಕೊಂದು ದಿನ ಮನೆಯ ಶುಶ್ರೂಷೆಯ ಪಾಠ ಮಾಡುತ್ತಿದ್ದರು. ಹಸುಗೂಸನ್ನು ಹಗಲಿನ ಬೆಳಕಿಗೆ ಹಿಡಿಯಬೇಕು, ಚರ್ಮವನ್ನು ಬೆರಳಿನಿಂದ ಒತ್ತಿ ಬಿಡಬೇಕು, ಬೆರಳು ತೆಗೆದ ಕ್ಷಣ ಅಲ್ಲಿ ಯಾವ ಬಣ್ಣ ಕಾಣುತ್ತದೋ ನೋಡಬೇಕು ಎಂದು ಹೇಳಿಕೊಟ್ಟಿದ್ದರು. ಅದನ್ನು ಅವ್ವನಿಗೆ ಹೇಳಿದೆ.

"ಮದುವೇನೇ ಆಗದ ಸಿಸ್ಟರು ನಿಮಗೆ ಕೂಸು ಸಾಕೋ ಪಾಠ ಮಾಡಿದ್ರಾ?" ಎಂದು ಅವ್ವ ನಕ್ಕಳು. ನೀರು ಹಾಕುವ ಅಜ್ಜಿಯೂ ನಕ್ಕಳು. ಮರುದಿನ ಒಂದೇ ಒಂದು ಸಲ ಅರಿಶಿನವಿಲ್ಲದೆ ಎರೆಯಿರಿ ಎಂದು ಕೇಳಿಕೊಂಡೆ. ಆಗಲಿ ಎಂದರು. ಎಂದವರು ಮರೆತರು. ಬಚ್ಚಲಿಂದ ಕೂಸು ಎಂದಿನಂತೆ ಬಂಗಾರದ ಬಣ್ಣದಲ್ಲಿ ಬಂತು.

ಏಳನೆಯ ದಿನ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕುಳಿತೆ. ಅರಿಶಿನದ ಡಬ್ಬಿ ನನ್ನ ಮಡಿಲಲ್ಲಿತ್ತು. ಸ್ನಾನವಾದ ಮೇಲೆ ಕೋಣೆಗೆ ಬಂದು ಕಿಟಕಿಯ ಕಂಬಳಿಯನ್ನು ಎಳೆದುಹಾಕಿದೆ. ಟ್ರಂಕಿನಿಂದ ನನ್ನ ಸ್ಕೂಲಿನ ದಿನಗಳ ಬಿಳಿ ಕರವಸ್ತ್ರವನ್ನು ತೆಗೆದು ಕೂಸಿನ ಕೆನ್ನೆಯ ಪಕ್ಕ ಇಟ್ಟೆ. ಮೂಲೆಯಲ್ಲಿ ನಾನೇ ಕಸೂತಿ ಹಾಕಿದ ಸಣ್ಣ ನೀಲಿ ಹೂವಿತ್ತು. ಹಣೆ ಒತ್ತಿದೆ, ಹಳದಿ. ಎದೆ ಒತ್ತಿದೆ, ಹಳದಿ. ತೊಡೆ ಒತ್ತಿದೆ. ಅಲ್ಲಿಯೂ.

ಹಿಂದೆಯೇ ಬಂದು ನೋಡುತ್ತಿದ್ದ ಅವ್ವನ ನಗು ಅಲ್ಲಿಗೇ ನಿಂತಿತು. "ಹೌದಲ್ಲೇ" ಎಂದಳು. ಮತ್ತೊಮ್ಮೆ, ಯಾರಿಗೂ ಅಲ್ಲದಂತೆ, "ಹೌದಲ್ಲ" ಎಂದಳು.

ಅಪ್ಪಾಜಿಯನ್ನು ಕರೆದಳು. ಬಾಣಂತಿ ಕೋಣೆಯೊಳಗೆ ಗಂಡಸರು ಬರುವುದಿಲ್ಲ, ಅವರು ಬಾಗಿಲ ಆಚೆಯೇ ನಿಂತು ಕೇಳಿದರು. "ಹೊನ್ನಾಳಿ ಡಾಕ್ಟರಿಗೆ ತೋರಿಸಾಕೇ ಬೇಕು" ಎಂದರು. ನನಗೆ ಅರ್ಧ ಜೀವ ಬಂತು. ಆಗ ಅವರು, "ಆದ್ರೆ ಬೀಗರನ್ನೊಂದು ಮಾತು ಕೇಳಿ..." ಎಂದರು.

ನಮ್ಮ ಕಡೆ ಚೊಚ್ಚಲ ಹೆರಿಗೆ ತೌರಿನಲ್ಲಿ ಆಗುತ್ತದೆ, ಆದರೆ ಕೂಸು ಅವರ ಮನೆಯದು. ತೌರಿನವರು ಅದನ್ನು ಒಪ್ಪವಾಗಿ ಕಾಯ್ದು, ತೊಟ್ಟಿಲ ಸಮೇತ ಒಪ್ಪಿಸಬೇಕು. ಹೇಳದೆ ಕೇಳದೆ ಆಸ್ಪತ್ರೆಗೆ ಒಯ್ದು ಏನಾದರೂ ಹೆಚ್ಚುಕಡಿಮೆಯಾದರೆ ಆ ಮಾತು ಎರಡೂ ಮನೆಯ ನಡುವೆ ಜನ್ಮವಿಡೀ ನಿಲ್ಲುತ್ತದೆ. ಒಯ್ಯದೆ ಹೆಚ್ಚುಕಡಿಮೆಯಾದರೆ? ಅದನ್ನು ಯಾರೂ ಕೇಳಿಕೊಂಡಂತೆ ಕಾಣಲಿಲ್ಲ.

ಬೀದಿಯ ಕೊನೆಯ ಎಣ್ಣೆ ಮಿಲ್ಲಿನಲ್ಲಿ ಫೋನಿತ್ತು. ಅಪ್ಪಾಜಿ ಅಣ್ಣನನ್ನು ಕರೆದುಕೊಂಡು ಹೋಗಿ ಚನ್ನಗಿರಿಗೆ, ನನ್ನ ಮಾವನವರ ಅಡಿಕೆ ಮಂಡಿಗೆ, ಟ್ರಂಕ್ ಕಾಲ್ ಹಾಕಿಸಿದರು. ಕಾಲ್ ಸಿಕ್ಕಾಗ ಮಧ್ಯಾಹ್ನದ ಊಟದ ಹೊತ್ತು. ಅಣ್ಣ ಮನೆಗೆ ಬಂದು, ಕೋಣೆಯ ಬಾಗಿಲಾಚೆಯೇ ನಿಂತು, ನಡೆದದ್ದನ್ನೆಲ್ಲ ಇಬ್ಬರ ದನಿಯಲ್ಲೂ ಮಾಡಿ ತೋರಿಸಿದ.

"ಕೇಳು. ಅಪ್ಪಾಜಿ ಅಂದ್ರು, 'ನಮಸ್ಕಾರ ಬೀಗರೆ, ಎಲ್ಲಾ ಆರಾಮೇನ್ರೀ?' ಅವರು ಅಂದ್ರು, 'ಆರಾಮ್ರೀ, ತಾವು?' 'ಸೂಳೆಕೆರೆ ಈ ಸಲ ಕೋಡಿ ಬಿದ್ದೈತಂತೆ, ಹೌದೇನ್ರೀ?' 'ಬಿದ್ದೈತ್ರೀ, ನೋಡಾಕೆ ಬರ್ರಿ ಒಂದ್ಸಲ.' 'ಬೀಗ್ತಿಯವರ ಮೊಣಕಾಲು ನೋವು ಹೆಂಗೈತ್ರೀ?' ಅಷ್ಟೊತ್ತಿಗೆ ಎರಡು ನಿಮಿಷ ದಾಟಿತ್ತು. ನಾನು ಹಿಂದಿನಿಂದ ಅಂಗಿ ಎಳೆದೆ."

"ಆಮೇಲೆ? ಕೂಸಿನ ವಿಷಯ?"

"ಹೇಳಿದ್ರು. 'ಕೂಸಿಗೆ ಒಂಚೂರು ಹಳದಿ ಕಂಡಂಗೈತೆ, ಡಾಕ್ಟರಿಗೆ ತೋರಿಸಾಣ ಅಂತ, ತಾವೇನಂತೀರಿ?' ಅಂದ್ರು. ಅವರು, 'ನಿಮ್ಮ ಮನೆಯಾಗೆ ಐತಲ್ರೀ, ನೀವು ಹೇಳಿದಂಗೆ' ಅಂದ್ರು. ಇವರು, 'ಛೆ ಛೆ, ನಿಮ್ಮ ಮನೆ ಕೂಸಲ್ರೀ, ನೀವು ಹೇಳಿದಂಗೆ' ಅಂದ್ರು. ಹಿಂಗೇ ಮೂರು ಸಲ. ಕಾಲಿನ ಮೂರು ನಿಮಿಷ ಮುಗೀತು, ಲೈನ್ ಕಟ್ಟಾತು."

ಅಣ್ಣ ನಗಿಸಲೆಂದೇ ಹೇಳಿದ್ದ. ನನ್ನ ಮುಖ ನೋಡಿ ಮತ್ತೆ ಮಿಲ್ಲಿಗೆ ಹೊರಟ. ಸಂಜೆ ಮತ್ತೊಂದು ಕಾಲ್ ಸಿಕ್ಕಿತು. ಅದರಲ್ಲಿ ಆದ ತೀರ್ಮಾನವೆಂದರೆ, ನಾಳೆ ಬೀಗರಿಬ್ಬರೂ ಖುದ್ದಾಗಿ ಹನ್ನೊಂದು ಗಂಟೆಯ ಬಸ್ಸಿಗೆ ಬರುತ್ತಾರೆ, ಬಂದು ಕೂಸನ್ನು ನೋಡುತ್ತಾರೆ, ಆಮೇಲೆ ಕೂತು ಮಾತಾಡುವುದು. ಅವ್ವ ಅಷ್ಟಕ್ಕೇ ಸಮಾಧಾನಗೊಂಡು ಹೋಳಿಗೆಗೆ ಬೇಳೆ ಅಳೆದಳು. ನಿಜವಾಗಿ ಅಳೆದಳು. ಬೀಗರು ಬರುವಾಗ ಬರಿ ಅನ್ನ ಸಾರು ಮಾಡಾಕಾಗುತ್ತಾ ಎಂದಳು. ಜಗಳೂರಿಗೆ, ನನ್ನವರಿಗೆ, ನಾನೇ ಕಾಗದ ಬರೆದು ಅಣ್ಣನ ಕೈಲಿ ಅಂಚೆ ಡಬ್ಬಕ್ಕೆ ಹಾಕಿಸಿದೆ.

ಎಂಟನೆಯ ದಿನ ಬೆಳಿಗ್ಗೆ ನೀರು ಹಾಕುವ ಅಜ್ಜಿ ಕೂಸನ್ನು ಬಚ್ಚಲಿಂದ ತಂದು ನನ್ನ ಕೈಗೆ ಕೊಟ್ಟವಳು ಹೋಗಲಿಲ್ಲ. ಸೆರಗಿನಲ್ಲಿ ಕೈ ಒರೆಸುತ್ತ ನಿಂತೇ ಇದ್ದಳು.

"ಕೂಸು ಇವತ್ತು ಒದಿಲಿಲ್ಲ ಕಣವ್ವ" ಎಂದಳು.

"ಅಂದ್ರೆ?"

"ಮೊದಲೆರಡು ದಿನ ನನ್ನ ಕಾಲಿನ ಮೇಲಿಂದ ಜಾರಿ ಬೀಳಂಗೆ ಒದಿತಿತ್ತು. ಬಿಸಿನೀರು ಬಿದ್ರೆ ಕಿರುಚ್ತಿತ್ತು. ಇವತ್ತು ಹೆಂಗೆ ಮಲಗಿಸಿದ್ನೋ ಹಂಗೇ. ನಿನ್ನೆನೂ ಕಡಿಮೇನೇ ಇತ್ತು."

"ನಿನ್ನೆನೇ ಯಾಕೆ ಹೇಳ್ಲಿಲ್ಲ ಅಜ್ಜಿ?"

"ನಾನು ನೀರು ಹಾಕೋಳು. ನನ್ನ ಯಾರು ಕೇಳ್ತಾರೆ? ನೀವೆಲ್ಲ ದೊಡ್ಡೋರು ಫೋನಿನಾಗೆ ಮಾತಾಡ್ತಿದ್ರಿ."

ಕೂಸನ್ನು ಎದೆಗೆ ಹಿಡಿದೆ. ಎರಡು ಸಲ ಚೀಪಿ ಬಾಯಿ ಬಿಟ್ಟಿತು. ಅಂಗಾಲು ಕೆರೆದೆ, ಕಿವಿಯ ತುದಿ ಉಜ್ಜಿದೆ, ಒದ್ದೆ ಬೆರಳು ಕೆನ್ನೆಗೆ ಹಚ್ಚಿದೆ. ಹುಬ್ಬು ಸ್ವಲ್ಪ ಗಂಟಾಯಿತು, ಅಷ್ಟೇ. ಹಾಲಿನ ಒಂದು ಹನಿ ತುಟಿಯ ಕೊನೆಯಿಂದ ಜಾರಿ ಕತ್ತಿನ ಮಡಿಕೆಗೆ ಇಳಿಯಿತು. ನುಂಗುವಷ್ಟೂ ಎಚ್ಚರವಿರಲಿಲ್ಲ.

ನಾನು ಎದ್ದು ನಿಂತೆ. ಬಾಣಂತಿಗೆ ಚಪ್ಪಲಿ ಯಾಕೆ ಎಂದು ನನ್ನದನ್ನು ಅಟ್ಟಕ್ಕೆ ಹಾಕಿದ್ದರು. ಬಾಗಿಲಲ್ಲಿದ್ದ ಅವ್ವನ ಚಪ್ಪಲಿ ಮೆಟ್ಟಿಕೊಂಡೆ. ಒಂದಳತೆ ದೊಡ್ಡದು.

"ಎಲ್ಲಿಗೆ?" ಎಂದಳು ಅವ್ವ, ಕೈತುಂಬ ಹೂರಣ.

"ಹೊನ್ನಾಳಿಗೆ."

"ಇನ್ನೆರಡು ಗಂಟೆ ಕಾಯೇ, ಬೀಗರು ಬರ್ತಾರೆ. ಅವರು ಬಂದಾಗ ಕೂಸೇ ಇಲ್ಲ ಅಂದ್ರೆ ಏನಂದ್ಕೋತಾರೆ?"

"ಅವರು ಬಂದಾಗ ಕೂಸೇ ಇಲ್ಲ ಅನ್ನಂಗೆ ಆದ್ರೆ ಏನಂದ್ಕೋತಾರೆ ಅವ್ವ?"

ನಾನು ದನಿ ಎತ್ತಿ ಮಾತಾಡಿದವಳಲ್ಲ. ಆಗಲೂ ಎತ್ತಲಿಲ್ಲ. ಆದರೆ ಅಪ್ಪಾಜಿ ಪಡಸಾಲೆಯಲ್ಲಿ ಪೇಪರು ಮಡಚಿಟ್ಟರು. ಕೋಟು ಹಾಕಿಕೊಂಡು ಟ್ಯಾಕ್ಸಿ ತರಲು ಹೊರಟರು. ಅವ್ವ ಕೈ ತೊಳೆದು ಬಂದು, ನಾನು ಕಾರು ಹತ್ತುವಾಗ ನನ್ನ ಎರಡೂ ಕಿವಿಗೆ ಹೊಸದಾಗಿ ಹತ್ತಿ ತುರುಕಿದಳು. ಅಳುತ್ತಲೇ ತುರುಕಿದಳು.

ಹೊನ್ನಾಳಿಯ ಡಾಕ್ಟರು ಕೂಸಿನ ಅಂಗಾಲಿಗೆ ಬೆರಳಿನಿಂದ ಟಕ್ಕನೆ ಹೊಡೆದರು. ಮತ್ತೊಮ್ಮೆ ಹೊಡೆದರು. "ಹಾಲಿಗೆ ಏಳುತ್ತಾ?" ಎಂದರು. ಇಲ್ಲ ಎಂದೆ. "ಹಳದಿ ಯಾವಾಗ ನೋಡಿದ್ರಿ?" ಮೂರು ದಿನದ ಹಿಂದೆ ಎಂದೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು, ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಚೀಟಿ ಬರೆದು, "ಇದೇ ಕಾರಿನಾಗೆ ದಾವಣಗೆರೆಗೆ ಹೋಗ್ರಿ. ಎಲ್ಲೂ ನಿಲ್ಲಬೇಡ್ರಿ" ಎಂದರು.

ದಾವಣಗೆರೆಯ ದೊಡ್ಡಾಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮುಗಿಯುವಷ್ಟರಲ್ಲಿ ಅತ್ತೆ ಮಾವ ಬಂದರು. ನ್ಯಾಮತಿಗೆ ಹೋದವರು ಹೋಳಿಗೆ ಮುಟ್ಟದೆ ಅವ್ವ, ಅಣ್ಣನ ಜೊತೆ ಹಾಗೇ ಹೊರಟು, ಹೊನ್ನಾಳಿಯಲ್ಲಿ ವಿಚಾರಿಸಿಕೊಂಡು ಬಂದಿದ್ದರು. ಅವ್ವನ ಕೈಯಲ್ಲಿ ಹೋಳಿಗೆಯ ಡಬ್ಬಿಯಿತ್ತು. ಅಷ್ಟರಲ್ಲಿ ನರ್ಸು ಒಂದು ಕಾಗದ ಹಿಡಿದು ಹೊರಗೆ ಬಂದಳು. ಕೂಸನ್ನು ನೀಲಿ ಬೆಳಕಿನಲ್ಲಿ ಇಡುತ್ತಾರೆ, ಅದಕ್ಕೂ ಬಗ್ಗದಿದ್ದರೆ ರಕ್ತ ಬದಲಾಯಿಸಬೇಕಾಗಬಹುದು, ಮನೆಯವರ ಒಪ್ಪಿಗೆ ಬೇಕು, ಸಹಿ ಹಾಕಿ ಎಂದಳು.

ಅಪ್ಪಾಜಿ ಜೇಬಿನಿಂದ ಪೆನ್ನು ತೆಗೆದು, ಕ್ಯಾಪು ಬಿಚ್ಚಿ, ಎರಡೂ ಕೈಯಲ್ಲಿ ಮಾವನವರಿಗೆ ನೀಡಿದರು. "ತಾವು ಹಾಕ್ರಿ ಬೀಗರೆ."

"ಏ, ಎಲ್ಲಾದ್ರೂ ಉಂಟೇನ್ರೀ. ಕರ್ಕೊಂಡು ಬಂದೋರು ನೀವು, ನೀವು ಹಾಕ್ರಿ."

"ಛೆ ಛೆ, ಹಿರಿಯರು ನೀವಿದ್ದು ನಾನು ಹಾಕಾದಾ?"

ಪೆನ್ನು ಇಬ್ಬರ ನಡುವೆ ಹೋಯಿತು, ಬಂತು. ನರ್ಸು ಕಾಗದ ಹಿಡಿದುಕೊಂಡು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು. ನಾನು ಬೆಂಚಿನಿಂದ ಎದ್ದು ಮಾವನವರ ಮುಂದೆಯೇ, ತಲೆಯ ಮೇಲಿನ ಸೆರಗು ಜಾರಿದ್ದನ್ನೂ ಸರಿಮಾಡದೆ, ಆ ಪೆನ್ನನ್ನು ತೆಗೆದುಕೊಂಡೆ. ಕಾನ್ವೆಂಟಿನಲ್ಲಿ ಕಲಿತ ದುಂಡು ಅಕ್ಷರದಲ್ಲಿ ಸಹಿ ಹಾಕಿದೆ. ಪಕ್ಕದಲ್ಲಿ ಸಂಬಂಧ ಎಂದು ಒಂದು ಖಾಲಿ ಜಾಗವಿತ್ತು. ತಾಯಿ ಎಂದು ಬರೆದೆ. ಅಷ್ಟು ಸಣ್ಣ ಕೆಲಸ ಅದು. ಐದನೆಯ ದಿನವೇ ಮಾಡಬಹುದಿತ್ತು. ನನ್ನ ಸಿಟ್ಟಿನ ದೊಡ್ಡ ಪಾಲು ನನ್ನ ಮೇಲೆಯೇ ಎಂದು ಆಗ ತಿಳಿಯಿತು.

ರಕ್ತ ಬದಲಾಯಿಸುವ ಪ್ರಸಂಗ ಬರಲಿಲ್ಲ. ಕೂಸು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮೂರು ದಿನ ಆ ಬೆಳಕಿನ ಕೆಳಗೆ ಮಲಗಿತ್ತು. ಎರಡನೆಯ ದಿನ ಹಸಿವಿಗೆ ಅತ್ತಿತು. ಹೊರಗೆ ಬೆಂಚಿನ ಮೇಲೆ ಅತ್ತೆ, "ಮೊದಲೇ ಕರ್ಕೊಂಡು ಬರಬಾರದಿತ್ತೇನ್ರೀ?" ಎಂದರಂತೆ. ಅವ್ವ, "ನೀವೊಂದು ಮಾತು ಹೇಳ್ಲಿ ಅಂತ ಕಾದ್ವಿ ಬೀಗ್ತಿ" ಎಂದಳಂತೆ. ಆಮೇಲೆ ಇಬ್ಬರೂ ಒಂದೇ ಡಬ್ಬಿಯ ಹೋಳಿಗೆ ತಿಂದರಂತೆ. ಇದನ್ನೆಲ್ಲ ಹೇಳಿದ ಅಣ್ಣನ ಮೇಲೂ ರೇಗಿದೆ.

ನ್ಯಾಮತಿಗೆ ಮರಳಿದ ದಿನ ಜಗಳೂರಿನಿಂದ ನನ್ನ ಕಾಗದಕ್ಕೆ ಉತ್ತರ ಬಂದಿತ್ತು. ಅಚ್ಚುಕಟ್ಟಾದ ನಾಲ್ಕು ಸಾಲು. ಎರಡೂ ಕಡೆಯ ಹಿರಿಯರು ಹೇಗೆ ಹೇಳುತ್ತಾರೋ ಹಾಗೆ ಮಾಡುವುದು ಎಂದು ಬರೆದಿದ್ದರು. ಅದನ್ನು ಮಡಚಿ ಮಂಚದ ಕಾಲಿನ ಕೆಳಗಿಟ್ಟೆ. ಆ ಮಂಚ ಅಲುಗಾಡುತ್ತಿತ್ತು.

ಮರುದಿನ ಸ್ನಾನದ ಹೊತ್ತಿಗೆ ಅವ್ವ ಡಬ್ಬಿ ಹಿಡಿದು ಬಾಗಿಲಿಗೆ ಬಂದಳು. "ಒಂದು ಚಿಟಿಕೆ ಅರಿಶಿನ ಹಾಕ್ಲೇನೆ? ಇಲ್ಲಾ, ಬೀಗ್ತಿಯವರನ್ನೊಂದು ಮಾತು..." ಎಂದು, ನನ್ನ ಮುಖ ನೋಡಿ, ಡಬ್ಬಿಯನ್ನು ಅಡುಗೆಮನೆಗೆ ಒಯ್ದು ಇಟ್ಟಳು.

ಬಚ್ಚಲಲ್ಲಿ ಚೊಂಬು ಉರುಳಿದ ಸದ್ದಾಯಿತು. "ಒದೀತವ್ವೋ!" ಎಂದು ಅಜ್ಜಿ ಕೂಗಿದಳು. ಈ ಸಲ ಯಾರಾದರೂ ಕೇಳಲಿ ಎಂದು ಅವಳು ಕಾಯಲಿಲ್ಲ.