ರಟ್ಟಿಲ್ಲದ ಪುಸ್ತಕಗಳು

ಭದ್ರಾವತಿಯ ಓಲ್ಡ್ ಟೌನಿನಲ್ಲಿ ರದ್ದಿ ಅಂಗಡಿ ಇಟ್ಟಿದ್ದ ಸಾಹೇಬರು ಹಳೆಯ ಪುಸ್ತಕ ಬಂದ ಕೂಡಲೇ ಅದರ ರಟ್ಟು ಕಿತ್ತುಬಿಡುತ್ತಿದ್ದರು. ರದ್ದಿ ಅರೆದು ಹೊಸ ಕಾಗದ ಮಾಡುವ ಕಾರ್ಖಾನೆಗೆ ರಟ್ಟು ಬೇಡ. ಅದರ ಜೊತೆ ಮೊದಲ ಹಾಳೆಯೂ ಕಿತ್ತು ಬಂದು, ಪುಸ್ತಕದ ಹೆಸರು, ಬರೆದವರ ಹೆಸರು ಎರಡೂ ಹೋಗುತ್ತಿದ್ದವು. ಉಳಿದದ್ದನ್ನು ಅವರು ಪೂರ್ತಿ ಓದುತ್ತಿದ್ದರು. ಹಾರುವ ಕುದುರೆಯ ಕಥೆಯಾಗಲಿ, ಜೇನು ಸಾಕುವ ವಿಧಾನವಾಗಲಿ, ಅದೇ ಗಂಟಿಕ್ಕಿದ ಹುಬ್ಬು, ಅದೇ ಅಲುಗುವ ತುಟಿ. ಯಾರಾದರೂ ನಕ್ಕರೆ, "ಓದ್ದೇ ಇರೋದನ್ನ ಅರೆಯೋಕೆ ಕಳಿಸಲ್ಲ" ಎನ್ನುತ್ತಿದ್ದರು.

ಅರವತ್ತರ ದಶಕದ ಒಂದು ಬೆಳಿಗ್ಗೆ, ಮೇಷ್ಟ್ರಾಗಿದ್ದ ನಾನು ಅಲ್ಲಿ ಪುಸ್ತಕ ಹುಡುಕುತ್ತಿದ್ದಾಗ ಕಾರ್ಖಾನೆಗೆ ಹೋಗುವ ಲಾರಿ ಬಂತು. ಕಟ್ಟುಗಳನ್ನೆಲ್ಲ ಹೇರಿದ ಮೇಲೆ ಉಳಿದದ್ದು ಸಾಹೇಬರ ಕೈಯಲ್ಲಿದ್ದ ಒಂದೇ ಪುಸ್ತಕ. ಡ್ರೈವರ್ ಅದಕ್ಕೂ ಕೈ ಚಾಚಿದ.

"ತಡಿ ಮಾರಾಯ. ಇವನಿಗೆ ಟೈಫಾಯ್ಡ್ ಬಂದಿದೆ. ಉಳೀತಾನೋ ಇಲ್ವೋ ನೋಡಿ ಕೊಡ್ತೀನಿ."

ನಾನು ಪುಸ್ತಕದೊಳಗೆ ಇಣುಕಿ ನೋಡಿ, ತಿಳಿದವನ ಜಂಬದಲ್ಲಿ ಹೇಳಿದೆ: "ಇದು ಆತ್ಮಕಥೆ ಸಾಹೇಬ್ರೆ. ಬದುಕಿದ್ದಕ್ಕೇ ತಾನೇ ಬರೆದಿದ್ದಾನೆ?"

ಅವರು ಲಾರಿಗೆ ಬೆನ್ನು ಹಾಕಿ ಕೂತು ಹಾಳೆ ತಿರುವಿದರು.

"ಬರೆದು ಮುಗಿಸೋವರೆಗೂ ಬದುಕಿದ್ದ ಅಲ್ವಾ ಮೇಷ್ಟ್ರೇ. ನಾನು ಓದಿ ಮುಗಿಸೋವರೆಗೂ ಬದುಕ್ಲಿ."