ಹನುಮಂತ ನನ್ನನ್ನು ಕಂಪ್ಯೂಟರ್ ಪರೀಕ್ಷೆ ದಾಟಿಸಿದ ಬಗೆ

ಭಕ್ತ ಬಂಧುಗಳೇ, ಐವತ್ತರ ಹತ್ತಿರ ಬಂದ ಹೆಂಗಸು ಹದಿನೆಂಟರ ಮಕ್ಕಳ ನಡುವೆ ಎದ್ದು ನಿಂತು ಬೈಸಿಕೊಳ್ಳುವುದು ಎಂಥ ಸಂಕಟ ಎಂದು ಅನುಭವಿಸಿದವರಿಗೇ ಗೊತ್ತು. ಚಾಮರಾಜಪೇಟೆಯ ಒಂದು ಶಾಲೆಯ ಕಚೇರಿಯಲ್ಲಿ ನಾನು ಗುಮಾಸ್ತೆ. ನಮ್ಮ ಯಜಮಾನರು ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದ ಮೇಲೆ ಮನೆ ನಡೆಯುವುದು, ಆಸ್ಪತ್ರೆಗೆ ಅಲೆಯುವುದು ಎಲ್ಲವೂ ನನ್ನ ಸಂಬಳದಲ್ಲೇ. ಕಳೆದ ವರ್ಷ ಹೊಸದಾಗಿ ಬಂದ ಕಾರ್ಯದರ್ಶಿಗಳು, ಕಂಪ್ಯೂಟರ್ ಕೋರ್ಸ್ ಪಾಸಾಗದವರು ಬೇಸಿಗೆ ರಜೆಯ ನಂತರ ಕೆಲಸಕ್ಕೆ ಬರುವುದು ಬೇಡ ಎಂದುಬಿಟ್ಟರು. ಹೀಗಾಗಿ ನಾನು ಬಸವನಗುಡಿಯ ಕಾಲೇಜೊಂದರ ಸಂಜೆ ತರಗತಿಗೆ ಸೇರಬೇಕಾಯಿತು.

ಪ್ರೋಗ್ರಾಮಿಂಗ್ ಹೇಳಿಕೊಡುತ್ತಿದ್ದ ಮೇಡಂ ಇನ್ನೂ ಚಿಕ್ಕ ಹುಡುಗಿ. ನಾಲಿಗೆ ಮಾತ್ರ ಕತ್ತರಿ.

"ಏನಮ್ಮಾ, ಸಾರಿಗೆ ಉಪ್ಪು ಹಾಕೋದು ಮರೀತೀರಾ? ಇಲ್ಲ ತಾನೆ? ಮತ್ತೆ ಸಾಲಿನ ಕೊನೇಲಿ ಸೆಮಿಕೋಲನ್ ಹಾಕೋದು ಯಾಕೆ ಮರೀತೀರಾ? ಕ್ಲಾಸ್ ಮುಗಿಯೋ ತನಕ ನಿಂತಿರಿ."

ಮಕ್ಕಳೆಲ್ಲ ಘೊಳ್ಳೆಂದು ನಕ್ಕರು. ನಾನು ಮಂಡಿನೋವಿನಲ್ಲಿ ನಿಂತೇ ಇದ್ದೆ. ಅವಳ ನಾಲಿಗೆಗೆ ಹುಣ್ಣಾಗಲಿ ಎಂದು ಮನಸ್ಸಿನಲ್ಲೇ ಹನುಮಪ್ಪನಿಗೆ ದೂರು ಕೊಟ್ಟೆ.

ಪಕ್ಕದ ಕಂಪ್ಯೂಟರಿನಲ್ಲಿ ಕೂರುತ್ತಿದ್ದ ಪಲ್ಲವಿ ಒಬ್ಬಳು ನಗುತ್ತಿರಲಿಲ್ಲ. ವೈಯಾಲಿಕಾವಲ್‌ನಿಂದ ಬರುತ್ತಿದ್ದಳು. ತಂದೆ ಇಲ್ಲ, ಓದಿಸುತ್ತಿದ್ದವರು ಯಾರೋ ದಾನಿಗಳು. ಒಂದು ವಿಷಯದಲ್ಲಿ ಫೇಲಾದರೂ ಅವರು ಕೈಬಿಡುತ್ತಿದ್ದರು. ತರಗತಿ ಬಿಟ್ಟ ಮೇಲೆ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂರಿಸಿಕೊಂಡು ನನಗೆ ಪಾಠ ಹೇಳುತ್ತಿದ್ದಳು. "ಲೂಪ್ ಅಂದ್ರೆ ಪ್ರದಕ್ಷಿಣೆ ಇದ್ದಂಗೆ ಆಂಟಿ. ಎಲ್ಲಿ ನಿಲ್ಲಿಸ್ಬೇಕು ಅಂತ ಹೇಳ್ದಿದ್ರೆ ಅದು ಸುತ್ತುತ್ತಾನೇ ಇರುತ್ತೆ." ಬಸ್ಸುಗಳು ಒಂದರ ಹಿಂದೆ ಒಂದು ಹೋದರೂ ಅವಳು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ನನ್ನ ತಲೆಗೇ ಏನೂ ಹತ್ತುತ್ತಿರಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆಯ ಬೆಳಿಗ್ಗೆ ನಮ್ಮ ಬೀದಿಯ ಹನುಮಪ್ಪನ ಮುಂದೆ ಪ್ರಸಾದ ಕೇಳಲು ನಿಂತೆ. "ಪರೀಕ್ಷೆಗೆ ಕೂರು ಅಂದರೆ ಬಲಗಡೆ ಹೂ ಕೊಡು, ಬೇಡ ಅಂದರೆ ಎಡಗಡೆ ಕೊಡು" ಎಂದು ಅತ್ತುಬಿಟ್ಟೆ. ಬಹಳ ಹೊತ್ತು ಏನೂ ಆಗಲಿಲ್ಲ. ಅರ್ಚಕರು ಮಂಗಳಾರತಿ ಎತ್ತುವಾಗ ಬಲಭುಜದ ಮೇಲಿನ ಸೇವಂತಿಗೆ ಸರಕ್ಕನೆ ಜಾರಿತು. ಅದನ್ನು ಮುಡಿದುಕೊಂಡು ಕಾಲೇಜಿಗೆ ಹೋದೆ.

ಪರೀಕ್ಷೆಯಲ್ಲಿ ಒಬ್ಬೊಬ್ಬರೂ ಒಂದು ಚೀಟಿ ಎತ್ತಬೇಕು. ಅದರಲ್ಲಿರುವ ಪ್ರೋಗ್ರಾಂ ಬರೆದು, ಕಂಪ್ಯೂಟರಿನಲ್ಲಿ ಓಡಿಸಿ ತೋರಿಸಬೇಕು. ನನಗೆ ಬಂದದ್ದು ಹತ್ತು ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವುದು. ಅದು ನನಗೆ ಒಂದು ಸಾಲೂ ಬರದು. ಪಲ್ಲವಿಗೆ ಬಂದದ್ದು ಸಮಸಂಖ್ಯೆಯೋ ಬೆಸಸಂಖ್ಯೆಯೋ ಹೇಳುವ ಸುಲಭದ್ದು. ಅವಳು ನನ್ನ ಮುಖ ನೋಡಿ ಪಿಸುಗುಟ್ಟಿದಳು, "ಆಂಟಿ, ಚೀಟಿ ಈ ಕಡೆ ಕೊಡಿ. ನನ್ನದು ನೀವು ಮಾಡಿ." ಸಿಕ್ಕಿಬಿದ್ದರೆ ಇಬ್ಬರೂ ಪರೀಕ್ಷೆಯಿಂದ ಹೊರಗೆ. ಆದರೂ ಬದಲಾಯಿಸಿಕೊಂಡೆವು.

ಆ ಸುಲಭದ್ದೂ ನನಗೆ ಬರಲಿಲ್ಲ. ಪರದೆ ತುಂಬ ತಪ್ಪುಗಳ ಸಾಲು. ಪಲ್ಲವಿ ತನ್ನದನ್ನು ಬೇಗ ಮುಗಿಸಿ, ಪ್ರಿಂಟ್ ತರಲು ಆಚೆ ಕೋಣೆಗೆ ಹೋದಳು. ಅದೇ ಗಳಿಗೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ನನ್ನ ಬಳಿ ನಿಂತರು.

"ನಿಮಗೆ ಬಂದಿದ್ದು ನಂಬರ್ ಜೋಡಿಸೋ ಪ್ರೋಗ್ರಾಂ ಅಲ್ವಾ? ಎಲ್ಲಿ?"

ಯಾರು ಯಾವ ಚೀಟಿ ಎತ್ತಿದರೆಂದು ಮೇಡಂ ಆಗಲೇ ಪಟ್ಟಿ ಮಾಡಿ ಪರೀಕ್ಷಕರ ಕೈಗೆ ಕೊಟ್ಟಿದ್ದರು. ನಮಗದು ಗೊತ್ತಿರಲಿಲ್ಲ. ನನ್ನ ಕೆಲಸ, ಯಜಮಾನರ ಔಷಧಿ ಎಲ್ಲವೂ ಮುಳುಗಿತು ಎಂದುಕೊಂಡೆ. ಕಣ್ಣು ಮುಚ್ಚಿ "ಅಪ್ಪಾ ಹನುಮಂತಾ" ಎಂದೆ. ಕಣ್ಣು ಬಿಟ್ಟಾಗ ಪರೀಕ್ಷಕರು ಪಲ್ಲವಿಯ ಪರದೆಯನ್ನು ನೋಡುತ್ತಿದ್ದರು.

"ಓ, ಇಲ್ಲಿದೆ. ಚೆನ್ನಾಗಿ ಮಾಡಿದೀರಲ್ಲ! ಇದು ನಿಮ್ಮದೇ ತಾನೆ?"

"ಹೌದು ಸರ್" ಎಂದೆ. ಆ ಚೀಟಿ ಎತ್ತಿದ್ದು ನನ್ನ ಕೈಯೇ ಅಲ್ಲವೇ, ಅದರಲ್ಲಿ ಸುಳ್ಳೇನು ಬಂತು? ನುಡಿಸಿದವನು ಅವನು. ಅವರು ಅಂಕ ಹಾಕಿದರು.

ಪಲ್ಲವಿ ಮರಳಿ ಬಂದಾಗ ಪರೀಕ್ಷಕರು ನನ್ನ ಪರದೆಯ ತಪ್ಪುಗಳನ್ನು ತೋರಿಸಿ, "ಇದೇನಮ್ಮ ನಿಂದು? ಟೈಮ್ ಮುಗೀತು" ಎಂದರು.

"ಸರ್, ಅದಲ್ಲ ಸರ್. ಈ ಕಡೇದು ನಾನು..." ಎನ್ನುವಷ್ಟರಲ್ಲಿ ಮೇಡಂ ಬಂದರು. "ಏನು? ಏನು ನಡೀತಿದೆ ಇಲ್ಲಿ?"

ಪಲ್ಲವಿ ನನ್ನನ್ನು ನೋಡಿದಳು. ನಾನು ಹನುಮಂತನ ನಾಮ ಜಪಿಸುತ್ತಾ ನೆಲ ನೋಡಿದೆ. ಚೀಟಿ ಬದಲಾಯಿಸಿದ ವಿಷಯ ಅವಳು ಬಾಯಿಬಿಟ್ಟಿದ್ದರೆ ಇಬ್ಬರ ಕಥೆಯೂ ಮುಗಿಯುತ್ತಿತ್ತು. "ಏನಿಲ್ಲ ಮೇಡಂ" ಎಂದಳು. ಆ ಹೊತ್ತಿನಲ್ಲಿ ಅವಳ ಬಾಯಿ ಕಟ್ಟಿದವನ ಮಹಿಮೆಯನ್ನು ಏನೆಂದು ಹೊಗಳಲಿ! ಸಂಜೆ ಅವಳು ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದುದು ಕಂಡಿತು. ಯಜಮಾನರಿಗೆ ಗಂಜಿ ಕುಡಿಸುವ ಹೊತ್ತಾದ್ದರಿಂದ ನಾನು ಆಟೋ ಹತ್ತಿದೆ.

ನಾನು ಪಾಸಾದೆ. ಕೆಲಸ ಉಳಿಯಿತು. ಸ್ವಾಮಿಗೆ ಬೆಣ್ಣೆ ಅಲಂಕಾರ ಮಾಡಿಸಿದೆ. ಪಲ್ಲವಿ ಕಾಲೇಜು ಬಿಟ್ಟಳು.

ಮೊನ್ನೆ ಸೀರೆ ಕೊಳ್ಳಲು ಚಿಕ್ಕಪೇಟೆಗೆ ಹೋದರೆ, ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುತ್ತಿದ್ದವಳು ಅವಳೇ. ಚೀಲದಲ್ಲಿದ್ದ ಪ್ರಸಾದ ಕೊಟ್ಟು, "ಬೇಜಾರು ಮಾಡ್ಕೋಬೇಡ ಕಣೆ. ನೀನೂ ಅವನನ್ನ ನಂಬಿ ಬೇಡ್ಕೊ, ಕೊಟ್ಟೇ ಕೊಡ್ತಾನೆ" ಎಂದು ಬುದ್ಧಿ ಹೇಳಿದೆ.

ಅವಳು ಪ್ರಸಾದವನ್ನು ಕಣ್ಣಿಗೊತ್ತಿಕೊಂಡಳು. "ಬೇಡ್ಕೊಂಡಿದ್ದೆ ಆಂಟಿ. ಪರೀಕ್ಷೆ ದಿನ ನಾನೂ ನಮ್ಮನೆ ಹತ್ರದ ಹನುಮಂತನ ಗುಡಿಗೆ ಹೋಗಿದ್ದೆ. ನನಗೆ ಹೇಗೂ ಬರುತ್ತೆ, ಆಂಟಿ ಒಬ್ರು ಪಾಸಾದ್ರೆ ಸಾಕು ಅಂತ ಬೇಡ್ಕೊಂಡೆ."

ನನ್ನ ಮೈ ಜುಮ್ಮೆಂದಿತು, ಕಣ್ಣಲ್ಲಿ ನೀರು ಬಂತು. ಬಂಧುಗಳೇ, ನನ್ನ ಮೊರೆಯನ್ನೂ ಆ ಮಗುವಿನ ಮೊರೆಯನ್ನೂ ಸ್ವಾಮಿ ಒಂದೇ ದಿನ, ಕೇಳಿದ್ದು ಕೇಳಿದ ಹಾಗೇ ನಡೆಸಿಕೊಟ್ಟಿದ್ದಾನೆ. ಇನ್ನು ಅವನನ್ನು ನಂಬದೆ ಹೇಗಿರಲಿ?